ಹಾಯದ, ಒದೆಯದ ಮನೆ

ನಮ್ಮ ಸೋದರಮಾವನ ಮನೆ ಹಾಯುತ್ತಿರಲಿಲ್ಲ, ಒದೆಯುತ್ತಿರಲಿಲ್ಲ, ಹೊಳೆಯ ನೀರು ಕಂಡರೆ ಬೆದರುತ್ತಿರಲಿಲ್ಲ. ಇದು ನನ್ನ ಅಭಿಪ್ರಾಯವಲ್ಲ. ಮನೆ ಕೊಳ್ಳಲು ಬಂದ ಪ್ರತಿಯೊಬ್ಬ ಗಿರಾಕಿಗೂ ಮಾವ ಎದೆ ಮುಟ್ಟಿಕೊಂಡು ಕೊಟ್ಟ ಭರವಸೆ. ಕೊಟ್ಟಾಗಲೆಲ್ಲ ನಾನು ಪಕ್ಕದಲ್ಲಿ ನಿಂತಿದ್ದೆ. ಈ ಕತೆಗೆ ಆಮೇಲೆ ಬಣ್ಣ ಹಚ್ಚಿದವರು ಬಹಳ ಜನ. ಮಾವ ಮನೆಯ ಬಾಗಿಲಿಗೆ ಹುಲ್ಲು ಹಾಕಿದರಂತೆ ಎಂದು ಶಿರೋಳದವರೆಗೂ ಸುದ್ದಿ ಹೋಗಿತ್ತು. ಸುಳ್ಳು! ಹುಲ್ಲು ಹಾಕಲಿಲ್ಲ. ಸಂತೆಗೆ ಹೊಡೆಯುವ ಮುಂಚೆ ಎತ್ತಿನ ಕೋಡಿಗೆ ಬಳಿಯುವ ಹಾಗೆ ಹೆಂಚಿನ ಮಾಡಿನ ಎರಡು ತುದಿಗೂ ಕೆಂಪು ಬಣ್ಣ ಬಳಿದರು, ಅಷ್ಟೇ. ನಾನು ಕಂಡದ್ದನ್ನು ಕಂಡಷ್ಟೇ ಹೇಳುವವನು.

ಮಾವ ಗಡಹಿಂಗ್ಲಜದ ದನದ ಸಂತೆಯಲ್ಲಿ ಎತ್ತಿನ ದಲಾಲರಾಗಿದ್ದರು. ಎತ್ತು ಮಾರುವವನಿಗೂ ಕೊಳ್ಳುವವನಿಗೂ ನಡುವೆ ನಿಂತು, ಹೆಗಲ ಮೇಲಿನ ಟವೆಲನ್ನು ತಮ್ಮ ಕೈಮೇಲೆ ಹೊದಿಸಿಕೊಂಡು, ಅದರ ಕೆಳಗೆ ಒಮ್ಮೆ ಇವನ ಬೆರಳು, ಒಮ್ಮೆ ಅವನ ಬೆರಳು ಹಿಡಿದು ದರ ಕುದುರಿಸುವ ಕೆಲಸ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಮುಷ್ಟಿ ಹಿಡಿದರೆ ಐದು. ಬಾಯಿ ಬಿಡುವ ಹಾಗಿಲ್ಲ. ಸುತ್ತ ನಿಂತ ಜನಕ್ಕೆ ಕಾಣುವುದು ಅಲ್ಲಾಡುವ ಟವೆಲೊಂದೇ. ಒಳಗೆ ನಡೆದದ್ದು ಆ ಎರಡು ಕೈಗಳಿಗೆ ಮಾತ್ರ ಗೊತ್ತು. ಮಾವನ ಟವೆಲು ಮೊದಲು ಯಾವ ಬಣ್ಣದ್ದಿತ್ತೋ, ನನಗೆ ತಿಳಿಯದು. ನಾನು ಕಾಣುವ ಹೊತ್ತಿಗೆ ಅದಕ್ಕೆ ಸಂತೆಯ ಬಣ್ಣ ಬಂದಿತ್ತು.

ಅರವತ್ತರ ದಶಕ ಆಗ ತಾನೇ ಶುರುವಾಗಿತ್ತು. ಒಂದು ಸಂತೆಯ ದಿನ ಎತ್ತೊಂದು ಮಾವನ ಮೊಣಕಾಲಿಗೆ ಒದೆಯಿತು. ಎಂಥ ಎತ್ತು? "ಕೂಸಿನಂಗ ಐತಿ, ಒದಿಯೂದಿಲ್ಲ" ಎಂದು ಮಾವನೇ ಆಗ ತಾನೇ ಗಿರಾಕಿಗೆ ಭರವಸೆ ಕೊಟ್ಟಿದ್ದ ಎತ್ತು! ಮೊಣಕಾಲು ಹೇಗೋ ಕೂಡಿತು. ಸಂತೆ ಸುತ್ತುವ ಕಾಲಾಗಿ ಮಾತ್ರ ಉಳಿಯಲಿಲ್ಲ.

ಅದು ಇಚಲಕರಂಜಿಯಲ್ಲಿ ಹಿತ್ತಲು ಸಿಕ್ಕವರೆಲ್ಲ ಮಗ್ಗ ಹೂಡುತ್ತಿದ್ದ ಕಾಲ. ನಾನು ಅಲ್ಲೇ ನೂಲಿನ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದೆ. ನಮ್ಮವ್ವ, ಅಂದರೆ ಮಾವನ ತಂಗಿ, ನನ್ನ ಕೈಲಿ ಅಣ್ಣನಿಗೆ ಹೇಳಿಕಳಿಸಿದಳು: "ಮನಿ ಮಾರಿ ಇಲ್ಲೇ ಬಂದ್ಬಿಡ ಅನ್ನು. ಇಲ್ಲೇ ಪಕ್ಕದ ಕಬನೂರಾಗ ಎರಡ ಮಗ್ಗ ಹಾಕಿದ್ರಾತು. ಮಗ್ಗಕ್ಕ ಕಾಲಿಲ್ಲ, ಒದಿಯೂದಿಲ್ಲ."

ಮಾವ ಒಪ್ಪಿದರು. ಮನೆ ಮಾರುವವರು ಮೊದಲು ಏನು ಮಾಡುತ್ತಾರೆ? ಮನೆ-ಜಾಗದ ದಲಾಲನನ್ನು ಕರೆಯುತ್ತಾರೆ. ಜೀವಮಾನವಿಡೀ ದಲಾಲಿಯ ಅನ್ನ ತಿಂದ ನಮ್ಮ ಮಾವ ಏನೆಂದರು? "ನಡುವ ದಲಾಲ ಬ್ಯಾಡ!"

ಕರೆಯದಿದ್ದರೂ ದಲಾಲ ಬಂದ. ಕೊಲ್ಲಾಪುರದಿಂದ ಗಡಹಿಂಗ್ಲಜದವರೆಗೆ ಎಲ್ಲಿ ಮನೆ ಬಿಕರಿಗಿದ್ದರೂ ವಾಸನೆ ಹಿಡಿಯುವ ಬಾಪೂ ಎಂಬುವನು. ಬಿಸಿಲಿರಲಿ ಮಳೆಯಿರಲಿ ಕಂಕುಳಲ್ಲಿ ಕೊಡೆ. ಮರಾಠಿಯಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸುತ್ತಿದ್ದ. ಲಾಭದ ಮಾತು ಬಂದರೆ ಎರಡರಲ್ಲೂ ಹೇಳುತ್ತಿದ್ದ.

"ಅಹೋ ಮಾಮಾ, ನೀವು ದಲಾಲರು ಅನ್ನೂದು ನನಗ ಗೊತ್ತಿಲ್ಲೇನು? ಆದರ ವಿಚಾರ ಮಾಡ್ರಿ. ಹಜಾಮ ಎಷ್ಟ ಶಾಣ್ಯಾ ಇದ್ರೂ ತನ್ನ ತಲಿ ತಾನ ಬೋಳಿಸಿಕೊಳ್ಳತಾನೇನು?"

"ಹಂಗಾರ ಬೋಳಿಸಾಕ ಬಂದೇನಿ ಅಂತ ಒಪ್ಪಿದಿ!" ಎಂದರು ಮಾವ. "ಚಾ ಕುಡಿದು ಹೋಗು."

ಬಾಪೂ ಚಹಾ ಕುಡಿದ, ಹೋಗಲಿಲ್ಲ. ದಲಾಲನಿಲ್ಲದೆ ಮನೆ ಮಾರಿ ಕೆಟ್ಟವರ ಕತೆಗಳನ್ನು ಹೇಳಿದ. ಮಾವ ದಲಾಲನನ್ನು ನಂಬಿ ಎತ್ತು ಮಾರಿ ಕೆಟ್ಟವರ ಕತೆ ಹೇಳಿದರು. ಅವರೆಲ್ಲರಿಗೂ ದಲಾಲರು ಯಾರಾಗಿದ್ದರು ಎಂದು ನಾನು ಕೇಳಲಿಲ್ಲ. ನಾನು ಕೇಳುವವನಲ್ಲ, ಸಾಕ್ಷಿ. ಮಾವನೇ ನನ್ನನ್ನು ಆ ಹುದ್ದೆಗೆ ನೇಮಿಸಿದ್ದರು. "ವ್ಯವಹಾರಕ್ಕ ಮೂರನೇದವ ಒಬ್ಬ ಇರಬೇಕು. ನೀ ಭಾಳ ಮಾತಾಡೂದಿಲ್ಲ, ಎಲ್ಲಾದಕ್ಕೂ ಹೆದರತಿ, ಸುಳ್ಳ ಹೇಳಾಕ ನಿನಗ ಧೈರ್ಯ ಇಲ್ಲ. ಇಂಥಾ ಸಾಕ್ಷಿ ಎಲ್ಲಿ ಸಿಗತಾನ!" ಇದು ಹೊಗಳಿಕೆಯೋ ಬೈಗುಳವೋ ಎಂದು ಇಂದಿಗೂ ನಿಷ್ಕರ್ಷೆಯಾಗಿಲ್ಲ. ಅಂದಿನಿಂದ ರಜೆ ಸಿಕ್ಕಾಗಲೆಲ್ಲ ಕೆಂಪು ಬಸ್ಸು ಹತ್ತಿ ಗಡಹಿಂಗ್ಲಜಕ್ಕೆ ಹೋಗಿ ಮಾವನ ಎಡಗಡೆ ನಿಲ್ಲುವುದು ನನ್ನ ಪಾಲಿಗೆ ಬಂತು.

ದಲಾಲ ಬೇಡವೆನ್ನುವ ಈ ಮನುಷ್ಯನ ಸ್ವಂತ ಅಡುಗೆಮನೆ ಹೇಗೆ ನಡೆಯುತ್ತಿತ್ತು ಬಲ್ಲಿರಾ? ದಲಾಲನ ಮೇಲೆ!

ಅತ್ತೆ ಮಾವನೊಡನೆ ಮಾತು ಬಿಟ್ಟು ವರ್ಷಗಳಾಗಿದ್ದವು. ಜಗಳವಿಲ್ಲ, ಮುನಿಸಿಕೊಂಡು ತವರಿಗೆ ಹೋಗುವುದಿಲ್ಲ. ಹೊತ್ತಿಗೆ ಸರಿಯಾಗಿ ರೊಟ್ಟಿ, ಕಾಲಿಗೆ ಎಣ್ಣೆ, ಹೊರಡುವಾಗ ಕೋಲು. ಮಾತು ಮಾತ್ರ ಇಲ್ಲ. ನಾನಿದ್ದರೆ ನನ್ನ ಮೂಲಕ. ಇಬ್ಬರ ನಡುವೆ ತಟ್ಟೆಯಷ್ಟು ದೂರ. ಆದರೂ "ನಿಮ್ಮ ಮಾವಗ ಇನ್ನೊಂದ ರೊಟ್ಟಿ ಬೇಕೇನ ಕೇಳು" ಎಂದು ಅತ್ತೆ. "ಅರ್ಧ ಸಾಕು ಅನ್ನು" ಎಂದು ಮಾವ. "ಅರ್ಧ ಸಾಕಂತ್ರಿ" ಎಂದು ನಾನು.

ನಾನಿಲ್ಲದ ದಿನ ಆ ಕೆಲಸ ಬೆಕ್ಕಿನದು. "ಬೆಕ್ಕ, ನೀರ ಕಾದಾವು, ಜಳಕಕ್ಕ ಏಳು ಅನ್ನು" ಎಂದು ಅತ್ತೆ ಒಲೆಯ ಮುಂದೆ ಹೇಳಿದರೆ, ಮಾವ ಜಗಲಿಯಿಂದ "ಬೆಕ್ಕ, ಎದ್ದೆ ಅನ್ನು" ಎನ್ನುವರು. ಬೆಕ್ಕು ಏನೂ ಹೇಳುತ್ತಿರಲಿಲ್ಲ. ಆದರೆ ದಲಾಲಿಯನ್ನು ಎರಡೂ ಕಡೆಯಿಂದ ತಪ್ಪದೆ ವಸೂಲು ಮಾಡುತ್ತಿತ್ತು: ಒಲೆಯ ಹತ್ತಿರ ಹಾಲು, ಜಗಲಿಯ ಮೇಲೆ ಕೆನೆ. ಅಷ್ಟು ಕೊಬ್ಬಿದ ಬೆಕ್ಕನ್ನು ನಾನು ಮತ್ತೆಲ್ಲೂ ನೋಡಿಲ್ಲ.

ಮಾತು ಬಿಟ್ಟದ್ದು ಯಾಕೆ ಎಂಬುದನ್ನು ಹೇಳಿಬಿಡಬೇಕು. ತಾಯಿ ಸತ್ತ ಹೋರಿಗರುವೊಂದನ್ನು ಅತ್ತೆ ಬಿದಿರಿನ ಗೊಟ್ಟದಲ್ಲಿ ಹಾಲು ಕುಡಿಸಿ ಸಾಕಿದ್ದರು. ಹೆಸರು ಮಲ್ಲ. ಬೆಳೆದು ಎತ್ತಾದ ಮೇಲೂ ಅಡುಗೆಮನೆಯ ಕಿಟಕಿಯಲ್ಲಿ ತಲೆ ತೂರಿಸಿ ರೊಟ್ಟಿ ಕೇಳುತ್ತಿತ್ತು. ಅತ್ತೆ ಒಮ್ಮೆ ಶಿರೋಳದ ಕಡೆ ಮದುವೆಗೆ ಹೋದಾಗ ಮಲ್ಲನಿಗೆ ಒಳ್ಳೆಯ ಬೆಲೆ ಬರುತ್ತದೆಂದು ಯಾರೋ ಹೇಳಿದರು. ಮಾವನಿಗೆ ಅಂದು ಜ್ವರ. ತಾವು ಹೋಗದೆ ಬೇರೊಬ್ಬ ದಲಾಲನ ಕೈಲಿ ಮಲ್ಲನನ್ನು ಕೊಲ್ಲಾಪುರದ ಸಂತೆಗೆ ಕಳಿಸಿದರು. ಮಾರಾಟವಾಯಿತು. ಎತ್ತು ಮಾರಿದರೂ ಹಗ್ಗ ಮಾರಬಾರದು, ಮಾರಿದರೆ ಕೊಟ್ಟಿಗೆಯ ಲಕ್ಷ್ಮಿಯೂ ಹಿಂದೆಯೇ ಹೋಗುತ್ತಾಳೆ ಎಂಬುದು ಸಂತೆಯ ರೂಢಿ. ಹಾಗಾಗಿ ಹಗ್ಗ ಮನೆಗೆ ಬಂತು. ಅತ್ತೆ ಮದುವೆಯಿಂದ ಬಂದರು. ಗೂಟದ ಮೇಲಿನ ಹಗ್ಗ ನೋಡಿ ಕೇಳಿದರು:

"ಯಾರ ಕೈಗೆ ಕೊಟ್ರಿ?"

"ದಲಾಲನ ಕೈಗೆ" ಎಂದರು ಮಾವ.

"ಅವ ಯಾರ ಕೈಗೆ ಕೊಟ್ಟ?"

ಮಾವನಿಗೆ ಗೊತ್ತಿರಲಿಲ್ಲ. ಆ ದಲಾಲನಿಗೂ ನೆನಪಿರಲಿಲ್ಲ. ಮುಂದೆ ಮಾವ ದಾನೋಳಿಯಿಂದ ಕೊಲ್ಲಾಪುರದವರೆಗೆ ಯಾವ ಊರಿಗೆ ಹೋದರೂ ಎದುರು ಬಂದ ಎತ್ತುಗಳ ಮುಖ ನೋಡುತ್ತ ಹೋಗುವುದನ್ನು ರೂಢಿಮಾಡಿಕೊಂಡರು. ಜನ ಅದನ್ನು ವೃತ್ತಿಯ ಹುಚ್ಚು ಎಂದುಕೊಂಡರು. ಮಲ್ಲ ಸಿಗಲಿಲ್ಲ. ಆ ಎರಡು ಪ್ರಶ್ನೆಗಳೇ ಅತ್ತೆ ಮಾವನಿಗೆ ನೇರವಾಗಿ ಆಡಿದ ಕೊನೆಯ ಮಾತು.

ಈಗ ಮನೆ. ಅದು ಅತ್ತೆಗೆ ಅವರ ಅಪ್ಪ ಕೊಟ್ಟದ್ದು. ಕಾಗದ ಅತ್ತೆಯ ಹೆಸರಿನಲ್ಲಿ. ಅವರ ಸಹಿ ಇಲ್ಲದೆ ಒಂದು ಹೆಂಚೂ ಮಾರುವಂತಿಲ್ಲ. ನಾನು ಮಾವನ ಪರವಾಗಿ ಕೇಳಿದೆ. ಅತ್ತೆ ಹಿಟ್ಟು ನಾದುತ್ತಲೇ ಹೇಳಿದರು: "ಮಾರಲಿ. ಅವರ ಕಾಲ ನನಗ ಕಾಣೂದಿಲ್ಲೇನು? ಬ್ಯಾಡ ಅನ್ನೂದಿಲ್ಲ. ಆದರ ಯಾರ ಕೈಗೆ ಹೋಗತೈತಿ ಅಂತ ನನಗ ಹೇಳಬೇಕು. ಹೇಳಲಿಲ್ಲಂದ್ರ ಸಹಿ ಇಲ್ಲ."

ಇದನ್ನು ಜಗಲಿಗೆ ಒಯ್ದು ಹೇಳಿದೆ. ನಾನು ಇಚಲಕರಂಜಿಗೆ ಮರಳಿದ ಮೇಲೆ ಮಾವ ಹಳೆಯ ಮಂಚದ ಹಲಗೆಯೊಂದನ್ನು ತಂದು, ಡಾಂಬರಿನಲ್ಲಿ ಕುಂಚ ಅದ್ದಿದರು.

ಗಿರಾಕಿಗಳು ಮರಾಠಿ ಓದುವವರು, ಬೋರ್ಡು ಮರಾಠಿಯಲ್ಲಿರಬೇಕು. ಮಾವ ಮಾತಾಡುವ ಮರಾಠಿ ಸಂತೆಗೆ ಸಾಕಾಗುತ್ತಿತ್ತು, ಹಲಗೆಗೆ ಸಾಲುತ್ತದೆಯೇ ಎಂದು ಯಾರೂ ಪರೀಕ್ಷಿಸಿರಲಿಲ್ಲ. ಅವರು ಬರೆದರು: "ಘರ್ ವಿಕಣೆ ಆಹೆ. ಘರ್ ಖಾಲೀ ಆಹೆ." ಮೊದಲನೆಯದು ಸರಿ, ಮನೆ ಮಾರುವುದಿದೆ. ಎರಡನೆಯದರಲ್ಲಿ ಮಾವ ಹೇಳಹೊರಟದ್ದು ಮನೆ ಖಾಲಿ ಇದೆ, ಬಾಡಿಗೆದಾರರ ಕಾಟವಿಲ್ಲ ಎಂದು. ನಮ್ಮ ಕನ್ನಡದ ಖಾಲಿ ಅಂದರೆ ಬರಿದು. ಮರಾಠಿಯವರ ಖಾಲೀ ಅಂದರೆ ಕೆಳಗೆ!

ಮಾವನ ಮನೆ ಓಣಿಯ ಕೊನೆಯದು. ಅಲ್ಲಿಂದ ನೆಲ ಹೊಳೆಯ ಕಡೆಗೆ ಇಳಿಜಾರು. ಇಳಿಜಾರಿನಲ್ಲಿ ಇದ್ದದ್ದು ಒಂದೇ ಮನೆ, ಚಪ್ಪಲಿ ಹೊಲಿಯುವ ಯಲ್ಲಪ್ಪನದು. ಮುಂದೆ ಕೆಲಸದ ಚಪ್ಪರ, ಹಿಂದೆ ಸಂಸಾರ. ಬೋರ್ಡು ಓದಿದ ಪ್ರತಿಯೊಬ್ಬ ಗಿರಾಕಿಯೂ ಮಾವನ ಮನೆಯ ಮುಂದೆ ನಿಂತು, ತಲೆಯಾಡಿಸಿ, ಮಾವನನ್ನು ದಾಟಿ, ಇಳಿಜಾರು ಇಳಿದು ಯಲ್ಲಪ್ಪನ ಮನೆಯನ್ನು ನೋಡತೊಡಗಿದ! ಒಬ್ಬ ಹೋಗಿ ಗೋಡೆ ಅಳೆದ. ಇನ್ನೊಬ್ಬ ಹೆಂಡತಿಯನ್ನು ಕರೆತಂದು ಒಲೆ ಎಲ್ಲಿಡಬೇಕೆಂದು ಚರ್ಚಿಸಿದ. ಮಾವ ಜಗಲಿಯಲ್ಲಿ ಹೊಸ ಧೋತರ ಉಟ್ಟು ಕೂತು ನೋಡುತ್ತಿದ್ದರು. "ಬಂದಾನ, ನಿಂತಾನ, ಹೋಗ್ಯಾನ! ಏನಾಗೈತಿ ಈ ಮಂದಿಗೆ?"

ಕೊನೆಗೆ ಯಲ್ಲಪ್ಪನೇ ಕೈಯಲ್ಲಿ ಚರ್ಮ ಚುಚ್ಚುವ ಆರೆ ಹಿಡಿದು ಹತ್ತಿಬಂದ. "ಏನ್ರಿ ದಲಾಲ್ರ, ನನ್ನ ಮನಿ ಯಾವಾಗ ಮಾರಿದ್ರಿ? ನನಗೊಂದು ಮಾತ ಹೇಳಬಾರದ? ಹೇಣ್ತಿ ಗಂಟುಮೂಟಿ ಕಟ್ಟಾಕತ್ತಾಳ!"

ವಿಷಯ ತಿಳಿದು ಯಲ್ಲಪ್ಪ ನಕ್ಕ ನಗೆಗೆ ಓಣಿಯ ನಾಯಿಗಳು ಎದ್ದು ಕೂತವು. ಹಲಗೆಯ ಡಾಂಬರು ಮಾತ್ರ ಆಗಲೇ ಒಣಗಿ ಕಲ್ಲಾಗಿತ್ತು. ಅಂದಿನಿಂದ ಗಿರಾಕಿ ಕೆಳಗಿಳಿದರೆ ಸಾಕು, ಯಲ್ಲಪ್ಪ ತಲೆಯೆತ್ತದೆ ಹೊಲಿಯುತ್ತಲೇ ಕೂಗುವನು: "ಖಾಲೀ ನಾಹೀ, ವರ್ ಆಹೆ!" ಕೆಳಗಲ್ಲ, ಮೇಲೆ!

ನಾನು ಅಡುಗೆಮನೆಗೆ ಹೋಗಿ ಈ ಅನಾಹುತವನ್ನು ಅತ್ತೆಗೆ ವರದಿಮಾಡಿದೆ. ಅತ್ತೆ ಕಲಿತದ್ದು ಮರಾಠಿ ಶಾಲೆಯಲ್ಲಿ. ಅವರು ರೊಟ್ಟಿ ತಿರುವಿಹಾಕಿ ಹೇಳಿದರು: "ನನಗ ಅವರು ಬರಿಯುವಾಗನ ಗೊತ್ತಿತ್ತು."

"ಮತ್ತ ಹೇಳಬಾರದ ಅತ್ತಿ!"

"ಹೆಂಗ ಹೇಳಲಿ? ನೀ ಊರಾಗಿರಲಿಲ್ಲ. ಬೆಕ್ಕು ಇಲಿ ಹಿಡಿಯಾಕ ಹೋಗಿತ್ತು."

ಯಲ್ಲಪ್ಪನ ಕೂಗು ಕೇಳಿ ಮೇಲೆ ಹತ್ತಿಬಂದ ಮೊದಲ ಗಿರಾಕಿ ಕೊಲ್ಲಾಪುರದ ಒಬ್ಬ ನಿವೃತ್ತ ಮಾಸ್ತರರು. ತೆಳ್ಳಗಿನ, ಸಭ್ಯ ಮನುಷ್ಯ. ಅವರ ಗತಿಯನ್ನು ನೆನೆದರೆ ನನಗೆ ಈಗಲೂ ಅಯ್ಯೋ ಅನಿಸುತ್ತದೆ.

ಮಾವ ಅವರನ್ನು ಮೊದಲು ಮೆಟ್ಟಿಲ ಬಳಿ ನಿಲ್ಲಿಸಿದರು. "ಹಲ್ಲು ನೋಡ್ರಿ."

ಮಾಸ್ತರರು ಮಾವನ ಹಲ್ಲು ನೋಡಿದರು.

"ನನ್ನವಲ್ರಿ, ಮನಿದು! ಆರ ಹಲ್ಲು, ತುಂಬಿದ ವಯಸ್ಸು." ಮೆಟ್ಟಿಲು ಆರಿದ್ದವು. ಒಂದು ಮುರಿದಿತ್ತು. ಮಾಸ್ತರರು ಅದನ್ನು ಕೊಡೆಯ ತುದಿಯಿಂದ ತೋರಿಸಿದಾಗ ಮಾವ ಕಣ್ಣು ಮಿಟುಕಿಸಲಿಲ್ಲ. "ಹಾಲಹಲ್ಲು. ಬಿದ್ದೈತಿ, ಹೊಸಾದು ಬರತೈತಿ."

ಆಮೇಲೆ ಗೋಡೆಯ ಪಕ್ಕೆಗೆ ಅಂಗೈಯಿಂದ ಪಟಾರನೆ ಹೊಡೆದು ತೋರಿಸಿದರು, ಎಷ್ಟು ಗಟ್ಟಿ ಎಂದು. ಮಾಸ್ತರರ ಹೆಗಲಿಗೆ ಒಂದು ಬೊಗಸೆ ಮಣ್ಣು ಉದುರಿತು. "ಮೈ ಝಾಡಿಸಿತು" ಎಂದರು ಮಾವ ಪ್ರೀತಿಯಿಂದ. "ಜೀವಂತ ಐತಿ. ಸುಳ್ಳ ಹೇಳೂದಿಲ್ರಿ ಮಾಸ್ತರ, ಐಬು ಮೊದಲ ಹೇಳತೇನಿ. ಮಳಿಗಾಲದಾಗ ಎಡಗಣ್ಣಿಂದ ನೀರ ಸುರಿತಾವು." ಎಡಗಣ್ಣು ಎಂದರೆ ಎಡಗಡೆಯ ಕಿಟಕಿ. "ಬೆನ್ನಮ್ಯಾಲ ಒಂದ ಸುಳಿ ಐತಿ." ಸುಳಿ ಎಂದರೆ ಹಿಂಗೋಡೆಯ ಮೇಲೆ ತೇವ ಏರಿ ಮೂಡಿದ್ದ ಉಂಗುರದ ಕಲೆ. "ಆದರ ಅದು ರಾಜಸುಳಿ. ಮನಿತನಕ್ಕ ಚಲೋ. ಉಳಿದಂಗ ಹಾಯೂದಿಲ್ಲ, ಒದಿಯೂದಿಲ್ಲ, ನೀರಿಗೆ ಬೆದರೂದಿಲ್ಲ."

ಮಾಸ್ತರರು ನನ್ನ ಕಡೆ ನೋಡಿದರು. ನಾನು ಸಾಕ್ಷಿ. ತಲೆಯಾಡಿಸಿದೆ. ಆ ಮನೆ ಯಾರಿಗೂ ಒದ್ದದ್ದನ್ನು ನಾನು ನೋಡಿರಲಿಲ್ಲ ಎಂಬುದು ನಿಜವಲ್ಲವೇ?

ಇಷ್ಟಾದರೂ ಮಾಸ್ತರರಿಗೆ ಮನೆ ಹಿಡಿಸಿತು! ಬೆಲೆ ಎಷ್ಟು ಎಂದು ಬಾಯಿಬಿಟ್ಟು ಕೇಳಿದರು. ಮಾವನಿಗೆ ನಾಚಿಕೆಯಾಯಿತು. ಗೃಹಸ್ಥರ ಮನೆಯಲ್ಲಿ ಇದೆಂಥ ಅಸಭ್ಯ ಮಾತು! ಏನೂ ಹೇಳದೆ ಟವೆಲು ಬೀಸಿ ಅವರ ಕೈಮೇಲೆ ಹೊದಿಸಿ, ಕೆಳಗಿನಿಂದ ಬೆರಳು ಹಿಡಿದರು. ಮಾಸ್ತರರಿಗೆ ಪದ್ಧತಿ ಗೊತ್ತಿರಲಿಲ್ಲ. ಮೇಲಾಗಿ ಅವರಿಗೆ ಕಚಗುಳಿ ಬಹಳ. "ಅಹೋ! ಹೇ ಕಾಯ್ ಕರತಾ! ಹೇ ಕಾಯ್!" ಇದೇನು ಮಾಡುತ್ತೀರಿ ಎಂದು ಕಿರಿಚುತ್ತ, ಕಿಲಕಿಲ ನಗುತ್ತ, ಬಿಡಿಸಿಕೊಳ್ಳಲು ಮಾವನ ಬೆರಳುಗಳನ್ನು ಕಂಡಕಂಡ ಹಾಗೆ ಹಿಚುಕಿದರು. ಮಾವ ಗಂಭೀರವಾಗಿ ಎಣಿಸುತ್ತ ಹೋದರು. ಅವರ ಹುಬ್ಬು ಮೇಲೇರಿತು, ಇನ್ನೂ ಮೇಲೇರಿತು. ಕೊನೆಗೆ ಕೈ ಬಿಟ್ಟು ಹೇಳಿದರು: "ಮಾಸ್ತರ, ಸೋಸಿ ಮಾತಾಡ್ರಿ. ನೀವು ಹೇಳಿದ ರೇಟಿಗೆ ಮನಿಯಲ್ಲ, ಇಡೀ ಓಣಿ ಬರತೈತಿ!"

ಮಾಸ್ತರರು ಹೋದ ವೇಗದಲ್ಲಿ ಕೊಡೆ ಮರೆತುಹೋದರು. ನಾನು ಅದನ್ನು ಎತ್ತಿಡುವಷ್ಟರಲ್ಲಿ ಮಾವ ಜಗಲಿಯಿಂದ ಒಳಗೆ ಕೇಳಿಸುವ ಹಾಗೆ ಬೆಕ್ಕಿಗೆ ಹೇಳಿದರು: "ಕೈ ಮೆತ್ತಗೈತಿ, ಮನಸ್ಸ ಚಲೋ ಐತಿ. ಆದರ ನಿಲ್ಲೂ ಕೈ ಅಲ್ಲ ಅಂತ ಹೇಳು." ಒಲೆಯ ಕಡೆಯಿಂದ "ಹೂಂ" ಎಂದು ಕೇಳಿಸಿತು. ಬೆಕ್ಕಿಗೋ, ಮಾವನಿಗೋ, ನಾನು ಹೇಳಲಾರೆ.

ಎರಡನೆಯ ಗಿರಾಕಿ ನಮ್ಮ ಇಚಲಕರಂಜಿಯವನು, ಮಗ್ಗಗಳ ಮಾಲಕ. ಅವನಿಗೆ ಪದ್ಧತಿ ಗೊತ್ತಿತ್ತು. ಕೈ ಗಟ್ಟಿ, ಬೆರಳು ಚುರುಕು. ಟವೆಲು ಎರಡೇ ಸಲ ಅಲ್ಲಾಡಿತು. ದರ ಕುದುರಿತೆಂದು ನನಗೆ ಮಾವನ ಮುಖ ನೋಡಿಯೇ ತಿಳಿಯಿತು. ಅಬ್ಬ ಎಂದುಕೊಂಡೆ. ಅವನೂ ಖುಷಿಯಾಗಿ ಅಂಗಳದಲ್ಲಿ ಹೆಜ್ಜೆ ಹಾಕುತ್ತ ಅಳೆಯತೊಡಗಿದ. ಮೆಟ್ಟಿಲಿಗೆ ಬೆನ್ನು, ಗೋಡೆಗೆ ಬೆನ್ನು, ಕಣ್ಣೆಲ್ಲ ನೆಲದ ಮೇಲೆ. "ಇದಿಷ್ಟು ಕೆಡವಿದ್ರ ಆತು. ಕಲ್ಲು ಇಷ್ಟು ಬರತಾವು, ಸಾಗವಾನಿ ತೊಲಿ ಅಷ್ಟು ಬರತಾವು. ಜಾಗಾ ಸಾಫ್ ಮಾಡಿ ಶೆಡ್ ಎಬ್ಬಸತೇನಿ."

ಮಾವ ಟವೆಲನ್ನು ಹೆಗಲಿಗೆ ಹಾಕಿಕೊಂಡರು. "ಕೊಡೂದಿಲ್ಲ."

"ಯಾಕ್ರಿ? ಕೈ ಕೂಡಿತಲ್ಲ!"

"ಎತ್ತು ಕೊಳ್ಳಾಕ ಬಂದಾವ ಹಲ್ಲು ನೋಡತಾನ, ಗೊರಸು ನೋಡತಾನ, ಬಾಯಾಗ ಕೈ ಹಾಕತಾನ. ತೂಕ ನೋಡಾವ ಬ್ಯಾರೆ ಇರತಾನ" ಎಂದರು ಮಾವ. "ನೀವು ತೂಕ ನೋಡಾಕತ್ತೀರಿ."

ಅವನಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು: ಸಂತೆಯಲ್ಲಿ ತೂಕ ನೋಡುವವನು ಕಟುಕ. ಒಳಗೆ ಗೂಟದ ಮೇಲಿನ ಹಗ್ಗದ ನೆನಪಾಯಿತು.

ಹೀಗೆ ಬಂದವರು ಹೋದರು. ಮಳೆಗಾಲ ಬಂದು ಮನೆಯ ಎಡಗಣ್ಣು ಧಾರಾಳವಾಗಿ ಅತ್ತಿತು. ಮಾವನ ಕಾಲು ಇನ್ನಷ್ಟು ಸೆಟೆಯಿತು. ನಮ್ಮವ್ವ ಪ್ರತಿ ವಾರ "ಇನ್ನೂ ಮಾರಿಲ್ಲೇನು?" ಎಂದು ಕೇಳುವಳು. ಇಡೀ ಗಡಹಿಂಗ್ಲಜ ಮಾವನಿಗೆ ಹುಚ್ಚು ಹಿಡಿದಿದೆ ಎಂದಿತು. ಬಾಪೂ ನಡುನಡುವೆ ಬಂದು ಚಹಾ ಕುಡಿದು ಹೋಗುತ್ತಿದ್ದ. "ನನ್ನ ಕೈಗೆ ಕೊಡ್ರಿ ಮಾಮಾ. ಗಿರಾಕಿ ತಯ್ಯಾರ ಅದಾನ."

"ಯಾರು?"

"ಅದನ್ನ ಆಮ್ಯಾಲ ಹೇಳತೇನಿ. ದೊಡ್ಡ ಆಸಾಮಿ."

"ಕರಕೊಂಡ ಬಾ. ಕೈ ನೋಡತೇನಿ."

"ಕೈ ಹೆಂಗ ನೋಡತೀರಿ? ಗಿರಾಕಿ ಮುಂಬೈದಾಗ ಅದಾನ!"

"ಕೈ ಮುಂಬೈದಾಗ, ಬಾಯಿ ಗಡಹಿಂಗ್ಲಜದಾಗ!" ಎಂದರು ಮಾವ. "ಇಂಥಾ ಎತ್ತು ನಾ ಕಂಡಿಲ್ಲಪ್ಪ."

ದೀಪಾವಳಿಗೆ ಸ್ವಲ್ಪ ಮುಂಚೆ ನಾನು ಹೋದಾಗ ಬಾಪೂ ಹಾಗೆಯೇ ಚಹಾ ಕುಡಿಯುತ್ತಿದ್ದ. ಆಗ ಇಳಿಜಾರು ಹತ್ತಿ ಯಲ್ಲಪ್ಪ ಬಂದ. ಕೈಯಲ್ಲಿ ಆರೆ ಇರಲಿಲ್ಲ. ಕೈ ತೊಳೆದುಕೊಂಡು, ತಲೆಗೆ ಹೊಸ ರುಮಾಲು ಸುತ್ತಿ ಬಂದಿದ್ದ. ಜಗಲಿಯ ಮುಂದೆ ನಿಂತು ಹೇಳಿದ: "ದಲಾಲ್ರ, ಮನಿ ನಾ ತಗೋತೇನಿ."

ಯಲ್ಲಪ್ಪನ ಮನೆಯವರು ಕೆಲವು ವರ್ಷಗಳ ಹಿಂದೆಯೇ ಬೌದ್ಧರಾಗಿದ್ದರು. ಓಣಿಯವರ ನಾಲಿಗೆ ಮಾತ್ರ ಹಳೆಯ ಜಾತಿಯ ಹೆಸರನ್ನು ಇನ್ನೂ ಬಿಟ್ಟಿರಲಿಲ್ಲ. ಬಾಪೂನ ಬಟ್ಟಲು ತುಟಿಯ ಹತ್ತಿರ ನಿಂತಿತು. ಅವನು ಮಾವನ ಕಿವಿಯ ಬಳಿ ಬಾಗಿದ, ಎಲ್ಲರಿಗೂ ಕೇಳಿಸಿತು. "ಮಾಮಾ, ಇದಕ್ಕ ಹೇಳೂದು ದಲಾಲ ಇರಬೇಕಂತ. ನಾ ಇದ್ರ ಇಂಥಾದ್ದು ಬಾಗಿಲ ತನಕ ಬರತಿದ್ದಿಲ್ಲ. ಓಣಿ ಮಂದಿ ಏನಂದಾರು?"

"ಓಣಿ ಮಂದಿ ಮನಿ ಕೇಳಾಕ ಬಂದಿದ್ರೇನು?" ಎಂದರು ಮಾವ. "ಅವರ ಕೈ ನನ್ನ ಟವೆಲಿನ ಕೆಳಗ ಬಂದಿಲ್ಲ."

ಯಲ್ಲಪ್ಪ ಬಾಪೂನ ಕಡೆ ನೋಡಲೇ ಇಲ್ಲ. "ನಮ್ಮಲ್ಲಿ ಈಗ ಇಬ್ಬರು ಆಳು ಹೊಲಿತಾರ. ಕೊಲ್ಲಾಪುರದ ಅಂಗಡಿಗೆ ಮಾಲು ಹೋಗತೈತಿ, ಜಾಗಾ ಸಾಲೂದಿಲ್ಲ. ಆದರ ಒಂದು ಮಾತು ದಲಾಲ್ರ. ನಿಮ್ಮ ಬೋರ್ಡ ಓದಿ ಬಂದ ಎಲ್ಲಾ ಗಿರಾಕಿನೂ ಇಳಿಯುವಾಗ ನನ್ನ ಹಂತೇಲೆ ಕೂತು ನಿಮ್ಮ ಮನಿ ಬೈದು ಹೋಗ್ಯಾರ. ಎಡಗಣ್ಣು, ಬೆನ್ನಿನ ಸುಳಿ, ಹಾಲಹಲ್ಲು, ಎಲ್ಲಾ ನನಗ ಬಾಯಿಪಾಠ. ಹಾಯೂದಿಲ್ಲ, ಒದಿಯೂದಿಲ್ಲ ಅಂತ ನನ್ನ ಮುಂದ ಹೇಳಬ್ಯಾಡ್ರಿ."

ಬಾರುಕೋಲು ಮಾರಲು ಸಂತೆಗೆ ಬರುತ್ತಿದ್ದ ಯಲ್ಲಪ್ಪನಿಗೆ ಬೆರಳಿನ ಲೆಕ್ಕ ಚೆನ್ನಾಗಿ ಬರುತ್ತಿತ್ತು. ಟವೆಲು ಹರಡಿತು. ನಾನು ಬಹಳ ಕುದುರಿಕೆಗಳನ್ನು ನೋಡಿದ್ದೆ, ಇಂಥದನ್ನು ನೋಡಿರಲಿಲ್ಲ. ಟವೆಲು ಗಾಳಿಗೆ ಸಿಕ್ಕ ಹಾಗೆ ಹೊಯ್ದಾಡಿತು. ಮಾವನ ಹಣೆಯಲ್ಲಿ ಬೆವರು. ಒಮ್ಮೆ ಮಾವ ಕೈ ಎಳೆದುಕೊಂಡರು, ಒಮ್ಮೆ ಯಲ್ಲಪ್ಪ ರುಮಾಲು ಸರಿಮಾಡಿಕೊಂಡು ಹೊರಟೇಬಿಟ್ಟ. ಮತ್ತೆ ಕೂತರು. ಕೊನೆಗೆ ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟರು.

"ಮನಿ ನನಗ" ಎಂದ ಯಲ್ಲಪ್ಪ. "ಹಗ್ಗ ನೀವ ಇಟ್ಟಕೋರಿ."

ಯಾವ ಹಗ್ಗ ಎಂದು ಯಾರೂ ಕೇಳಲಿಲ್ಲ. ಮಾವ ಎದ್ದು ಕೋಲೂರಿಕೊಂಡು ಒಳಗೆ ನಡೆದರು. ಯಲ್ಲಪ್ಪ ಹೊಸ್ತಿಲ ಹತ್ತಿರ ನಿಂತ. ನಾನು ನನ್ನ ಎಂದಿನ ಜಾಗದಲ್ಲಿ, ಎಡಗಡೆ. ಅತ್ತೆ ಹಿಟ್ಟಿನ ಪರಾತದ ಮುಂದೆ ಕೂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರೆಂಬುದು ನಾದುವ ಕೈ ನಿಂತದ್ದರಿಂದಲೇ ಗೊತ್ತಾಗುತ್ತಿತ್ತು. ನಾನು ಗಂಟಲು ಸರಿಮಾಡಿಕೊಂಡೆ. "ಅತ್ತಿ, ಮಾವ ಏನಂತಾರಂದ್ರ..."

"ನೀ ಸುಮ್ನಿರು" ಎಂದರು ಮಾವ. "ನಡುವ ದಲಾಲ ಬ್ಯಾಡ."

ಮಾವ ಕಷ್ಟಪಟ್ಟು ಸೆಟೆದ ಕಾಲನ್ನು ಚಾಚಿ ಅತ್ತೆಯ ಎದುರು ನೆಲದ ಮೇಲೆ ಕೂತರು. ಹೊಸ್ತಿಲ ಕಡೆ ಕೈ ತೋರಿಸಿದರು. ಅತ್ತೆಯ ಮುಖ ನೋಡಿ, ಎಷ್ಟೋ ವರ್ಷ ತಡವಾದ ಉತ್ತರವನ್ನು ಹೇಳಿದರು: "ಈ ಕೈಗೆ."

ಯಲ್ಲಪ್ಪ ಎರಡೂ ಕೈ ಮುಂದೆ ಚಾಚಿ ತೋರಿಸಿದ. ನೂಲು ಎಳೆದೆಳೆದು ಬೆರಳುಗಳ ಸಂದಿ ಕಡಿದುಹೋದ ಕೈ. ಅತ್ತೆ ನೋಡಿದರು. ಅವರು ಮಾತಾಡಿದ್ದು ನನ್ನ ಕಡೆ ತಿರುಗಿ: "ಆ ಕೈ ನನಗ ಗೊತ್ತೈತಿ. ನನ್ನ ಕಾಲಿನ ಅಳತಿ ತಗೋಳೂ ಕೈ."

ಇಲ್ಲಿಗೆ ವ್ಯವಹಾರ ಮುಗಿಯಬೇಕಿತ್ತು. ಸಹಿ ಸಿಕ್ಕಂತೆಯೇ. ಆದರೆ ಮಾವ ಏಳಲಿಲ್ಲ. ಹೆಗಲ ಮೇಲಿನ ಟವೆಲು ತೆಗೆದು, ಇಬ್ಬರ ನಡುವೆ ಪರಾತದ ಮೇಲೆ ಹರಡಿ, ಅದರ ಕೆಳಗೆ ತಮ್ಮ ಕೈಯಿಟ್ಟು ಕಾದರು.

ಅತ್ತೆ ಟವೆಲನ್ನು ನೋಡಿದರು. ಮಾವನ ಕಾಲನ್ನು ನೋಡಿದರು. ಸೀರೆಯ ಸೆರಗಿಗೆ ಹಿಟ್ಟು ಒರೆಸಿಕೊಂಡು, ಪೂರಾ ಹೋಗದಿದ್ದರೂ ಹಾಗೆಯೇ, ಕೈಯನ್ನು ಟವೆಲಿನ ಕೆಳಗೆ ತೂರಿಸಿದರು.

ಯಲ್ಲಪ್ಪ ತಿರುಗಿ ಅಂಗಳದ ಕಡೆ ನೋಡುತ್ತ ನಿಂತ. ಟವೆಲು ಸಣ್ಣಗೆ ಅಲ್ಲಾಡಿತು. ನಿಂತಿತು. ಮತ್ತೆ ಅಲ್ಲಾಡಿತು. ಮಾವ ಏನು ಕೇಳಿದರು, ಅತ್ತೆ ಎಷ್ಟಕ್ಕೆ ಒಪ್ಪಿದರು, ಯಾವ ಬೆರಳು ಯಾವ ಬೆರಳನ್ನು ಹಿಡಿಯಿತು, ನಾನು ಹೇಳಲಾರೆ. ಕಂಡದ್ದನ್ನು ಕಂಡಷ್ಟೇ ಹೇಳುವವನು ಎಂದು ಮೊದಲೇ ತಿಳಿಸಿದ್ದೇನೆ. ನನಗೆ ಕಂಡದ್ದು ಟವೆಲೊಂದೇ. ಅದು ಅಲ್ಲಾಡುವುದನ್ನು ನಿಲ್ಲಿಸಿದ ಮೇಲೂ ಯಾರ ಕೈಯೂ ಹೊರಗೆ ಬರಲಿಲ್ಲ.

ಆಗ ಅತ್ತೆ ಮೂಗಿನ ಮೇಲೆ ಸೆರಗು ಇಟ್ಟುಕೊಂಡು, ಮಾವನ ಕಣ್ಣಿಗೆ ಕಣ್ಣಿಟ್ಟು ಕೇಳಿದರು: "ಈ ಟವೆಲ್ ಒಗದು ಎಷ್ಟ ವರ್ಷ ಆತ್ರಿ?"

ಮಾವ ಅಭ್ಯಾಸಬಲದಿಂದ ನನ್ನ ಕಡೆ ತಿರುಗಿದರು. ನಾನು ಮೇಲಿನ ತೊಲೆ ನೋಡಿದೆ. ಬೆಕ್ಕಿನ ಕಡೆ ನೋಡಿದರು. ಅದು ಕಣ್ಣು ಮುಚ್ಚಿಕೊಂಡಿತ್ತು.

"ಒಗದಿಲ್ಲ" ಎಂದರು ಮಾವ, ಅತ್ತೆಗೇ. "ನೀ ಹೇಳಲೇ ಇಲ್ಲಲ್ಲ."